ಐಪಿ ವಿಳಾಸ ಹುಡುಕಿದರೆ ಸಿಗುವುದೇನು, ಸಿಗದಿರುವುದೇನು?

ರಾಯಚೂರು ಜಿಲ್ಲೆಯ ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನಲ್ಲಿ ಕುಳಿತು ಮೊಬೈಲ್ ಫೋನಿನಲ್ಲಿ ‘ನನ್ನ ಐಪಿ ವಿಳಾಸ ಯಾವುದು’ ಎಂದು ಹುಡುಕಿದರೆ ಕ್ಷಣಾರ್ಧದಲ್ಲಿ ಉತ್ತರ ದೊರೆಯುತ್ತದೆ. ಅಂಕಿಗಳ ಒಂದು ಸಾಲು, ಅದರ ಕೆಳಗೆ ದೇಶ, ರಾಜ್ಯ, ಊರು, ಸೇವೆ ಒದಗಿಸುವ ಕಂಪನಿಯ ಹೆಸರು. ಕೆಲವು ಜಾಲತಾಣಗಳು ಭೂಪಟವನ್ನೂ ಬಿಡಿಸಿ ಅದರ ಮೇಲೆ ಒಂದು ಕೆಂಪು ಗುರುತು ಇಡುತ್ತವೆ. ಆದರೆ ಊರಿನ ಹೆಸರು ಇರಬೇಕಾದ ಜಾಗದಲ್ಲಿ ಪಾಮನಕಲ್ಲೂರು ಕಾಣಿಸುವುದು ಅಪರೂಪ. ಬೆಂಗಳೂರು ಎಂದಿರಬಹುದು, ಕೆಲವೊಮ್ಮೆ ನೆರೆರಾಜ್ಯದ ದೊಡ್ಡ ನಗರವೊಂದರ ಹೆಸರೂ ಇರಬಹುದು. ಮಸ್ಕಿಯಾಗಲಿ, ಲಿಂಗಸುಗೂರಾಗಲಿ, ಸಿಂಧನೂರಾಗಲಿ ಆ ಪಟ್ಟಿಯಲ್ಲಿ ಇಣುಕುವುದೇ ಕಷ್ಟ.

ಹಳ್ಳಿಯ ಹೆಸರು ತಪ್ಪಾಗಿ ಬಂದರೆ ಯಾರಿಗೇನು ನಷ್ಟ ಎಂದು ಕೇಳಬಹುದು. ಬರಿಯ ಕುತೂಹಲಕ್ಕೆ ನೋಡಿದ್ದಾದರೆ ನಷ್ಟವೇನಿಲ್ಲ. ಆದರೆ ಇಂಥದೇ ಅಂಕಿಗಳ ಸಾಲನ್ನು ನಂಬಿ ಒಬ್ಬ ಮನುಷ್ಯನ ಮನೆಯ ಬಾಗಿಲು ತಟ್ಟಿದಾಗ ಏನಾಗುತ್ತದೆ ಎಂಬುದನ್ನು ಕರ್ನಾಟಕ 2007ರಲ್ಲಿಯೇ ಕಂಡಿದೆ.

ಐವತ್ತು ದಿನಗಳ ಸೆರೆವಾಸ

2007ರ ಆಗಸ್ಟ್ ಕೊನೆಯ ದಿನ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರನ್ನು ಪುಣೆಯ ಪೊಲೀಸರು ಬಂದು ಬಂಧಿಸಿದರು. ಅಂದಿನ ಜನಪ್ರಿಯ ತಾಣವಾಗಿದ್ದ ಆರ್ಕುಟ್‌ನಲ್ಲಿ ಛತ್ರಪತಿ ಶಿವಾಜಿಯನ್ನು ಅವಮಾನಿಸುವ ಚಿತ್ರ ಹಾಕಿದ್ದಾರೆ ಎಂಬುದು ಅವರ ಮೇಲಿದ್ದ ಆರೋಪ. ಚಿತ್ರ ಹಾಕಿದ ಗಣಕದ ಐಪಿ ವಿಳಾಸ ಪೊಲೀಸರ ಕೈಯಲ್ಲಿತ್ತು. ಆ ವಿಳಾಸವನ್ನು ಬಳಸುತ್ತಿದ್ದ ಚಂದಾದಾರ ಯಾರು ಎಂದು ಅಂತರಜಾಲ ಸಂಪರ್ಕ ಒದಗಿಸುತ್ತಿದ್ದ ಭಾರ್ತಿ ಏರ್‌ಟೆಲ್ ಕಂಪನಿಯನ್ನು ಕೇಳಲಾಗಿತ್ತು. ಕಂಪನಿ ಒಂದು ಹೆಸರು, ಒಂದು ವಿಳಾಸ ಕೊಟ್ಟಿತು. ಆ ಹೆಸರು ತಪ್ಪಾಗಿತ್ತು.

ತಪ್ಪು ಬೆಳಕಿಗೆ ಬಂದು ಅವರು ಬಿಡುಗಡೆಯಾಗುವ ವೇಳೆಗೆ ಯೆರವಡಾ ಕಾರಾಗೃಹದಲ್ಲಿ ಐವತ್ತು ದಿನಗಳು ಕಳೆದಿದ್ದವು. ಕಂಪನಿ ವಿಷಾದ ವ್ಯಕ್ತಪಡಿಸಿತು. ಅವರು ಪರಿಹಾರ ಕೋರಿ ಕಾನೂನು ನೋಟಿಸ್ ಕಳುಹಿಸಿದರು, ಪ್ರಕರಣ ರಾಷ್ಟ್ರಮಟ್ಟದಲ್ಲಿ ಚರ್ಚೆಯಾಯಿತು. ಆರ್ಕುಟ್ ತಾಣವೇ 2014ರ ಸೆಪ್ಟೆಂಬರ್ 30ರಂದು ಮುಚ್ಚಿಹೋಯಿತು. ಆದರೆ ಐಪಿ ವಿಳಾಸದಿಂದ ಮನುಷ್ಯನನ್ನು ಹುಡುಕುವ ವಿಧಾನ ಮುಚ್ಚಿಹೋಗಿಲ್ಲ. ಹುಡುಕಾಟದ ಸಾಧನಗಳು ಇಂದು ಎಲ್ಲರ ಜೇಬಿನಲ್ಲಿವೆ. ಈ ಸಾಧನಗಳು ಏನನ್ನು ಹೇಳಬಲ್ಲವು, ಎಲ್ಲಿಗೆ ಅವುಗಳ ಮಾತು ನಿಲ್ಲುತ್ತದೆ ಎಂಬುದನ್ನು ಅರಿತಿರುವುದು ಈ ಕಾರಣಕ್ಕೆ ಮುಖ್ಯವಾಗುತ್ತದೆ.

ವಿಳಾಸ ಯಾರದು?

ಅಂತರಜಾಲಕ್ಕೆ ಸೇರಿದ ಪ್ರತಿಯೊಂದು ಸಾಧನಕ್ಕೂ ಮಾಹಿತಿ ಬಂದು ತಲುಪಲು ಒಂದು ಸಂಖ್ಯೆ ಬೇಕು. ಅದೇ ಐಪಿ ವಿಳಾಸ. ಹಳೆಯ ಪದ್ಧತಿಯಾದ ನಾಲ್ಕನೆಯ ಆವೃತ್ತಿಯಲ್ಲಿ ಇದು ಚುಕ್ಕಿಗಳಿಂದ ಬೇರ್ಪಟ್ಟ ನಾಲ್ಕು ಸಂಖ್ಯೆಗಳ ಗುಂಪು, ಪ್ರತಿ ಸಂಖ್ಯೆಯೂ 0ಯಿಂದ 255ರೊಳಗೆ ಇರುತ್ತದೆ. ಹೀಗೆ ಬರೆಯಬಹುದಾದ ವಿಳಾಸಗಳು ಒಟ್ಟು ಸುಮಾರು 429 ಕೋಟಿ. 1980ರ ದಶಕದ ಆರಂಭದಲ್ಲಿ ಈ ಪದ್ಧತಿ ರೂಪಿಸಿದವರಿಗೆ ಇದು ಮುಗಿಯದ ಕಣಜದಂತೆ ಕಂಡಿತ್ತು. ಆದರೆ ಜಗತ್ತಿನ ಕೇಂದ್ರ ಕಣಜ 2011ರ ಫೆಬ್ರವರಿ 3ರಂದು ಬರಿದಾಯಿತು. ಕೊನೆಯ ಐದು ದೊಡ್ಡ ಕಂತೆಗಳನ್ನು ಐದು ಪ್ರಾದೇಶಿಕ ನೋಂದಣಿ ಸಂಸ್ಥೆಗಳಿಗೆ ಅಂದು ಒಂದೊಂದರಂತೆ ಹಂಚಲಾಯಿತು.

ಆ ಐದು ಸಂಸ್ಥೆಗಳಲ್ಲಿ ಏಷ್ಯಾ ಮತ್ತು ಪೆಸಿಫಿಕ್ ವಲಯಕ್ಕೆ ಸೇರಿದ್ದು ಎಪಿನಿಕ್. ಅದರ ಕಚೇರಿ ಇರುವುದು ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ. ಭಾರತದ ಮಟ್ಟದಲ್ಲಿ 2003ರಲ್ಲಿ ಸ್ಥಾಪನೆಯಾದ ನಿಕ್ಸಿ ಸಂಸ್ಥೆಯ ಅಂಗವಾಗಿ 2012ರಿಂದ ಐಆರ್‌ಐಎನ್‌ಎನ್ ಎಂಬ ರಾಷ್ಟ್ರೀಯ ನೋಂದಣಿ ವಿಭಾಗ ಕೆಲಸ ಮಾಡುತ್ತಿದೆ. ಈ ಸಂಸ್ಥೆಗಳು ವಿಳಾಸಗಳನ್ನು ಸಗಟಾಗಿ ಕಂಪನಿಗಳಿಗೆ ಹಂಚುತ್ತವೆ. ಮನೆಮನೆಗೆ ಚಿಲ್ಲರೆಯಾಗಿ ಹಂಚುವುದು ಆಯಾ ಕಂಪನಿಯ ಕೆಲಸ.

ಸಗಟು ಮತ್ತು ಚಿಲ್ಲರೆಯ ಈ ವ್ಯತ್ಯಾಸವೇ ಇಡೀ ವಿಷಯದ ಕೀಲಿಕೈ. ಸಾರ್ವಜನಿಕರು ನೋಡಬಹುದಾದ ದಾಖಲೆ ಸಗಟಿನದು ಮಾತ್ರ.

ಆ ದಾಖಲೆಯನ್ನು ತೆರೆದು ತೋರಿಸುವ ಸಾಧನವೇ ‘ಹೂಈಸ್’. ‘ಇದು ಯಾರದು’ ಎಂಬ ಪ್ರಶ್ನೆಯೇ ಅದರ ಹೆಸರು. 1982ರಲ್ಲಿ ಇದರ ಮೊದಲ ಲಿಖಿತ ನಿಯಮಾವಳಿ ಹೊರಬಂತು. ಅಂದು ಜಾಲದಲ್ಲಿದ್ದ ಕೆಲವೇ ಸಾವಿರ ಮಂದಿಯ ದೂರವಾಣಿ ಪುಸ್ತಕದಂತೆ ಅದು ಬಳಕೆಯಾಗುತ್ತಿತ್ತು. ಇಂದು ಒಂದು ಐಪಿ ವಿಳಾಸವನ್ನು ಅದರಲ್ಲಿ ಕೇಳಿದರೆ ಆ ವಿಳಾಸ ಸೇರಿರುವ ಕಂತೆ ಎಷ್ಟು ದೊಡ್ಡದು, ಯಾವ ಸಂಸ್ಥೆಗೆ ಹಂಚಿಕೆಯಾಗಿದೆ, ಆ ಸಂಸ್ಥೆಯ ಕಚೇರಿ ಎಲ್ಲಿದೆ, ದುರ್ಬಳಕೆಯ ಬಗ್ಗೆ ಯಾವ ಇ-ಮೇಲ್‌ಗೆ ದೂರು ಬರೆಯಬೇಕು ಎಂಬ ವಿವರಗಳು ಬರುತ್ತವೆ. ಪಾಮನಕಲ್ಲೂರಿನ ಚಂದಾದಾರರ ವಿಳಾಸವನ್ನು ಕೇಳಿದರೂ ಉತ್ತರದಲ್ಲಿ ಬರುವುದು ದೆಹಲಿಯ, ಮುಂಬೈಯ ಅಥವಾ ಗುರುಗ್ರಾಮದ ಕಂಪನಿ ಕಚೇರಿ. ಚಂದಾದಾರರ ಹೆಸರು ಅಲ್ಲಿ ಇರುವುದಿಲ್ಲ.

ಹೂಈಸ್‌ನ ಜಾಗಕ್ಕೆ ಆರ್‌ಡಿಎಪಿ ಎಂಬ ಹೊಸ ಪದ್ಧತಿ 2015ರಿಂದ ಬಂದಿದೆ. ಜಾಲತಾಣಗಳ ಹೆಸರಿನ ವಿಷಯದಲ್ಲಂತೂ, ಡಾಟ್ ಕಾಮ್‌ನಂಥ ಸಾಮಾನ್ಯ ವರ್ಗಗಳಿಗೆ ಹಳೆಯ ಹೂಈಸ್ ಸೇವೆ ಕಡ್ಡಾಯ ಎಂಬ ನಿಯಮವನ್ನು ಅಂತರರಾಷ್ಟ್ರೀಯ ಸಂಸ್ಥೆ ಐಕ್ಯಾನ್ 2025ರ ಜನವರಿ 28ರಿಂದ ಕೈಬಿಟ್ಟಿದೆ. ಯುರೋಪಿನ ಖಾಸಗಿತನ ಕಾನೂನು 2018ರ ಮೇ ತಿಂಗಳಿನಲ್ಲಿ ಜಾರಿಯಾದ ಬಳಿಕ ಜಾಲತಾಣಗಳ ಒಡೆಯರ ಹೆಸರು, ದೂರವಾಣಿ ಸಂಖ್ಯೆಗಳೂ ಬಹುತೇಕ ತೆರೆಮರೆಗೆ ಸರಿದಿವೆ. ಐಪಿ ವಿಳಾಸಗಳ ಸಗಟು ದಾಖಲೆ ಮಾತ್ರ ಇಂದಿಗೂ ತೆರೆದೇ ಇದೆ.

ದಾಖಲೆಯಲ್ಲಿರುವ ದೇಶವೂ ಸಾಧನವಿರುವ ದೇಶವೂ ಒಂದೇ ಆಗಿರಬೇಕೆಂದಿಲ್ಲ. 1.1.1.1 ಎಂಬ ವಿಳಾಸವನ್ನು ಹುಡುಕಿದರೆ ಎಪಿನಿಕ್ ದಾಖಲೆ ಆಸ್ಟ್ರೇಲಿಯಾ ಎನ್ನುತ್ತದೆ. ವಾಸ್ತವದಲ್ಲಿ ಅದು ಕ್ಲೌಡ್‌ಫ್ಲೇರ್ ಕಂಪನಿ 2018ರ ಏಪ್ರಿಲ್ 1ರಂದು ಆರಂಭಿಸಿದ ಸೇವೆ. ಜಗತ್ತಿನ ನೂರಾರು ನಗರಗಳಲ್ಲಿ ಅದೇ ವಿಳಾಸದ ಗಣಕಗಳಿದ್ದು, ಕೇಳಿದವರಿಗೆ ಜಾಲದ ಹಾದಿಯಲ್ಲಿ ಹತ್ತಿರವಿರುವುದು ಉತ್ತರಿಸುತ್ತದೆ.

ಭೂಪಟದ ಮೇಲಿನ ಕೆಂಪು ಗುರುತು

ಹಾಗಾದರೆ ಊರಿನ ಹೆಸರು ಎಲ್ಲಿಂದ ಬರುತ್ತದೆ? ಇದನ್ನು ಒದಗಿಸುವುದು ಖಾಸಗಿ ಕಂಪನಿಗಳು. ಅಮೆರಿಕದ ಮ್ಯಾಕ್ಸ್‌ಮೈಂಡ್ ಇವುಗಳಲ್ಲಿ ಹೆಸರಾದದ್ದು, ಐಪಿ2ಲೊಕೇಶನ್ ಮತ್ತೊಂದು. ನೋಂದಣಿ ದಾಖಲೆ, ಮಾಹಿತಿ ಸಾಗುವ ಹಾದಿ, ಕಂಪನಿಗಳೇ ಕೊಡುವ ವಿವರ ಮೊದಲಾದವುಗಳನ್ನು ಕೂಡಿಸಿ, ಯಾವ ಕಂತೆ ಯಾವ ಊರಿನಲ್ಲಿ ಬಳಕೆಯಲ್ಲಿರಬಹುದು ಎಂದು ಅವು ಅಂದಾಜು ಮಾಡುತ್ತವೆ. ಉಚಿತವಾಗಿ ‘ಐಪಿ ಲೊಕೇಶನ್’ ತೋರಿಸುವ ಬಹಳಷ್ಟು ಜಾಲತಾಣಗಳ ಹಿಂದಿರುವುದು ಇಂಥದೇ ಕೋಷ್ಟಕಗಳು. ಎರಡು ತಾಣಗಳಲ್ಲಿ ಎರಡು ಊರು ತೋರಿಸುವುದು ಕೋಷ್ಟಕಗಳು ಬೇರೆಯಾಗಿರುವುದರಿಂದ.

ದೇಶದ ಮಟ್ಟದಲ್ಲಿ ಈ ಅಂದಾಜು ಬಹುಮಟ್ಟಿಗೆ ಸರಿ. ನಗರದ ಮಟ್ಟಕ್ಕೆ ಬಂದಂತೆ ತಪ್ಪುಗಳು ಹೆಚ್ಚುತ್ತವೆ. ಹಳ್ಳಿಯ ಮಟ್ಟದಲ್ಲಿ ಅದನ್ನು ಅಂದಾಜು ಎಂದು ಕರೆಯುವುದೂ ಉದಾರವಾದೀತು. ಮೊಬೈಲ್ ಜಾಲಗಳಲ್ಲಿ ಒಂದು ರಾಜ್ಯದ ಅಥವಾ ಹಲವು ಜಿಲ್ಲೆಗಳ ಬಳಕೆದಾರರ ಮಾಹಿತಿ ಕೆಲವೇ ದೊಡ್ಡ ಕೇಂದ್ರಗಳ ಮೂಲಕ ಹೊರಜಗತ್ತಿಗೆ ಹೋಗುತ್ತದೆ. ಹೊರಗಿನವರಿಗೆ ಕಾಣುವುದು ಆ ಹೆಬ್ಬಾಗಿಲು ಮಾತ್ರ, ಒಳಗಿನ ಓಣಿಗಳಲ್ಲ. ಪಾಮನಕಲ್ಲೂರಿನ ಫೋನು ಬೆಂಗಳೂರಿನದಾಗಿ ತೋರುವುದಕ್ಕೆ ಕಾರಣ ಇಷ್ಟೇ. ಅದೇ ಫೋನಿನ ನಕ್ಷೆಯ ಆ್ಯಪ್ ಊರನ್ನು ಸರಿಯಾಗಿ ತೋರಿಸುತ್ತದಲ್ಲ ಎಂದರೆ, ಅದು ಉಪಗ್ರಹ ಆಧಾರಿತ ಜಿಪಿಎಸ್ ಮತ್ತು ಹತ್ತಿರದ ಮೊಬೈಲ್ ಗೋಪುರಗಳ ನೆರವಿನಿಂದ. ಐಪಿ ವಿಳಾಸಕ್ಕೂ ಅದಕ್ಕೂ ಸಂಬಂಧವಿಲ್ಲ.

ಕೆಂಪು ಗುರುತನ್ನು ಅಕ್ಷರಶಃ ನಂಬಿದರೆ ಆಗುವ ಅನಾಹುತಕ್ಕೆ ಅಮೆರಿಕದ ಕಾನ್ಸಾಸ್ ರಾಜ್ಯದ ಒಂದು ತೋಟದ ಮನೆ ಸಾಕ್ಷಿ. ಯಾವುದೋ ಐಪಿ ವಿಳಾಸ ಅಮೆರಿಕದ್ದು ಎಂದಷ್ಟೇ ತಿಳಿದು, ಊರು ಗೊತ್ತಾಗದಿದ್ದಾಗ ಮ್ಯಾಕ್ಸ್‌ಮೈಂಡ್ ಆ ದೇಶದ ನಡುಮಧ್ಯದ ಒಂದು ಬಿಂದುವನ್ನು ತೋರಿಸುತ್ತಿತ್ತು. 38 ಡಿಗ್ರಿ ಉತ್ತರ, 97 ಡಿಗ್ರಿ ಪಶ್ಚಿಮ ಎಂದು ಅಂಕಿಗಳನ್ನು ಸರಳಗೊಳಿಸಿದ್ದರಿಂದ ಆ ಬಿಂದು ಪಾಟ್‌ವಿನ್ ಎಂಬ ಪುಟ್ಟ ಊರಿನ ಬಳಿಯ ಒಂದು ತೋಟದ ಮೇಲೆ ಬಿತ್ತು. ಸುಮಾರು 60 ಕೋಟಿ ಐಪಿ ವಿಳಾಸಗಳಿಗೆ ಅದೇ ಮನೆ ಗುರುತಾಯಿತು. ವಂಚಕರನ್ನು, ಕಳೆದುಹೋದವರನ್ನು, ಕದ್ದ ಗಣಕಗಳನ್ನು ಹುಡುಕಿಕೊಂಡು ಪೊಲೀಸರೂ ಸಿಟ್ಟಿಗೆದ್ದ ಸಾರ್ವಜನಿಕರೂ ವರ್ಷಗಳ ಕಾಲ ಆ ಮನೆಯ ಬಾಗಿಲಿಗೆ ಬಂದರು. ಅಲ್ಲಿದ್ದವರಿಗೆ ಕಾರಣವೇ ತಿಳಿದಿರಲಿಲ್ಲ. 2016ರಲ್ಲಿ ಪತ್ರಕರ್ತೆ ಕಾಶ್ಮೀರ್ ಹಿಲ್ ಇದನ್ನು ಬಯಲಿಗೆ ತಂದ ನಂತರ ಕಂಪನಿ ಆ ಬಿಂದುವನ್ನು ಒಂದು ಕೆರೆಯ ಮೇಲಕ್ಕೆ ಸರಿಸಿತು. ನೀರಿನ ಮೇಲೆ ಮನೆಗಳಿಲ್ಲವೆಂಬುದೇ ಸಮಾಧಾನ.

ಹಾದಿಯನ್ನು ತೋರಿಸುವ ಸಾಧನಗಳು

ಹಳೆಯ ಗಣಕಗಳಲ್ಲಿಯೂ ಇರುವ ಕೆಲವು ಆದೇಶಗಳು ಇನ್ನೊಂದು ಬಗೆಯ ಮಾಹಿತಿ ಕೊಡುತ್ತವೆ. ‘ಪಿಂಗ್’ ಎಂಬುದು ಆ ವಿಳಾಸದಲ್ಲಿ ಯಾರಾದರೂ ಓಗೊಡುತ್ತಾರೆಯೇ, ಎಷ್ಟು ಮಿಲಿಸೆಕೆಂಡಿನಲ್ಲಿ ಎಂದು ತಿಳಿಸುತ್ತದೆ. ‘ಎನ್‌ಎಸ್‌ಲುಕಪ್’ ಜಾಲತಾಣದ ಹೆಸರಿಗೆ ವಿಳಾಸವನ್ನೂ, ದಾಖಲೆಯಿದ್ದರೆ ವಿಳಾಸಕ್ಕೆ ಹೆಸರನ್ನೂ ಹುಡುಕಿಕೊಡುತ್ತದೆ. ಗೂಗಲ್‌ನ 8.8.8.8 ಎಂಬ ವಿಳಾಸವನ್ನು ಹೀಗೆ ತಿರುವಿ ನೋಡಿದರೆ ‘ಡಿಎನ್‌ಎಸ್ ಡಾಟ್ ಗೂಗಲ್’ ಎಂಬ ಹೆಸರು ಸಿಗುತ್ತದೆ. ಮನೆಬಳಕೆಯ ಸಂಪರ್ಕಗಳಿಗೆ ಹೆಚ್ಚಿನ ಪಾಲು ಇಂಥ ಹೆಸರೇ ಇರುವುದಿಲ್ಲ, ಇದ್ದರೂ ಕಂಪನಿ ತಾನೇ ಕೊಟ್ಟ ಯಾಂತ್ರಿಕ ಹೆಸರಾಗಿರುತ್ತದೆ.

‘ಟ್ರೇಸ್‌ರೂಟ್’ ಎಂಬುದು ಇವುಗಳಲ್ಲಿ ಅತ್ಯಂತ ಸ್ವಾರಸ್ಯದ್ದು. ವಿಂಡೋಸ್‌ನಲ್ಲಿ ಇದರ ಹೆಸರು ‘ಟ್ರೇಸರ್ಟ್’. ಅಂತರಜಾಲದಲ್ಲಿ ಹೊರಡುವ ಪ್ರತಿ ಮಾಹಿತಿ ಪೊಟ್ಟಣದ ಮೇಲೆ ಇಷ್ಟು ನಿಲ್ದಾಣಗಳವರೆಗೆ ಮಾತ್ರ ಆಯುಷ್ಯ ಎಂದು ಬರೆದಿರುತ್ತದೆ. ಪ್ರತಿ ನಿಲ್ದಾಣವೂ ಅದರಲ್ಲಿ ಒಂದನ್ನು ಕಳೆಯುತ್ತದೆ. ಸೊನ್ನೆಯಾದಲ್ಲಿ ಪೊಟ್ಟಣವನ್ನು ಬಿಸಾಡಿ, ಕಳುಹಿಸಿದವರಿಗೆ ‘ಇಲ್ಲಿಗೆ ಮುಗಿಯಿತು’ ಎಂಬ ಸುದ್ದಿ ಮುಟ್ಟಿಸುತ್ತದೆ. ಆಯುಷ್ಯ ಒಂದು, ಎರಡು, ಮೂರು ಎಂದು ಏರಿಸುತ್ತಾ ಪೊಟ್ಟಣ ಕಳುಹಿಸಿದರೆ ಹಾದಿಯ ನಿಲ್ದಾಣಗಳು ಒಂದೊಂದಾಗಿ ತಮ್ಮ ವಿಳಾಸ ಹೇಳುತ್ತವೆ. ಹಳೆಯ ಕಾಲದ ಒಂದು ಸುರಕ್ಷತಾ ನಿಯಮವನ್ನೇ ಹುಡುಕಾಟದ ಉಪಾಯವಾಗಿಸಿದ ಜಾಣ್ಮೆ ಇದು. ಸಂಪರ್ಕ ಎಲ್ಲಿ ಕಡಿದಿದೆ, ಎಲ್ಲಿ ನಿಧಾನವಾಗಿದೆ ಎಂದು ತಿಳಿಯಲು ತಂತ್ರಜ್ಞರು ಇಂದಿಗೂ ಇದನ್ನೇ ನೆಚ್ಚುತ್ತಾರೆ. ಮನುಷ್ಯನನ್ನು ಹುಡುಕಲು ಇದು ನೆರವಾಗದು.

ಒಂದೇ ವಿಳಾಸ, ಹಲವು ಮನೆ

ಮನೆಯ ಗಣಕದ ಒಳಗೆ ಕಾಣುವ ವಿಳಾಸಕ್ಕೂ ಹೊರಗಿನ ಜಾಲತಾಣ ತೋರಿಸುವ ವಿಳಾಸಕ್ಕೂ ಹೊಂದಾಣಿಕೆ ಇಲ್ಲವೆಂದು ಅನೇಕರು ಗೊಂದಲಗೊಳ್ಳುತ್ತಾರೆ. 192.168 ಎಂದೋ 10 ಎಂದೋ ಆರಂಭವಾಗುವ ವಿಳಾಸಗಳು ಖಾಸಗಿ ಬಳಕೆಗೆ ಮೀಸಲು. ರಾಯಚೂರಿನ ಮನೆಯಲ್ಲಿಯೂ ಮಂಗಳೂರಿನ ಮನೆಯಲ್ಲಿಯೂ ಅದೇ ಸಂಖ್ಯೆ ಇರಬಹುದು. ಹೂಈಸ್‌ನಲ್ಲಿ ಇವುಗಳನ್ನು ಹುಡುಕುವುದು ವ್ಯರ್ಥ. ಬೆದರಿಕೆಯ ಇ-ಮೇಲ್‌ನ ಮೂಲ ಪ್ರತಿಯಲ್ಲಿ ಇಂಥ ಸಂಖ್ಯೆ ಕಂಡು ‘ಸಿಕ್ಕಿಬಿದ್ದ’ ಎಂದು ಸಂತಸಪಡುವವರು ಇದನ್ನು ಗಮನಿಸಬೇಕು. ಅಷ್ಟೇ ಅಲ್ಲ, ಜಿಮೇಲ್‌ನಂಥ ಸೇವೆಗಳನ್ನು ಬ್ರೌಸರ್ ಮೂಲಕ ಬಳಸಿ ಕಳುಹಿಸಿದ ಪತ್ರದಲ್ಲಿ ಕಳುಹಿಸಿದವರ ಐಪಿ ವಿಳಾಸವೇ ಇರುವುದಿಲ್ಲ. ಅಲ್ಲಿ ಸಿಗುವುದು ಗೂಗಲ್‌ನ ವಿಳಾಸ.

ವಿಳಾಸಗಳ ಅಭಾವ ಹುಟ್ಟಿಸಿದ ಇನ್ನೊಂದು ತೊಡಕು ಇದಕ್ಕಿಂತ ಗಂಭೀರವಾದುದು. ನಾಲ್ಕನೆಯ ಆವೃತ್ತಿಯ ವಿಳಾಸಗಳು ಸಾಲದೆ ಬಂದಾಗ ಕಂಪನಿಗಳು ಒಂದೇ ಸಾರ್ವಜನಿಕ ವಿಳಾಸವನ್ನು ಅನೇಕ ಚಂದಾದಾರರಿಗೆ ಏಕಕಾಲಕ್ಕೆ ಹಂಚಲಾರಂಭಿಸಿದವು. ಇಂಥ ಹಂಚಿಕೆಗೆಂದೇ 100.64ರಿಂದ ಆರಂಭವಾಗುವ ಒಂದು ಕಂತೆಯನ್ನು 2012ರಲ್ಲಿ ಮೀಸಲಿಡಲಾಯಿತು. ಈ ಏರ್ಪಾಟಿನಲ್ಲಿ ಚಂದಾದಾರರನ್ನು ಬೇರ್ಪಡಿಸುವುದು ‘ಪೋರ್ಟ್’ ಎಂಬ ಇನ್ನೊಂದು ಸಂಖ್ಯೆ. ಒಂದು ವಿಳಾಸಕ್ಕೆ ಸುಮಾರು 65 ಸಾವಿರ ಪೋರ್ಟ್‌ಗಳು. ಒಬ್ಬ ಚಂದಾದಾರನಿಗೆ ಸಾವಿರ ಪೋರ್ಟ್ ಮೀಸಲಿಟ್ಟರೂ ಅರವತ್ತಕ್ಕೂ ಹೆಚ್ಚು ಮಂದಿ ಒಂದೇ ವಿಳಾಸದ ಹಿಂದೆ ಇರುತ್ತಾರೆ. ಅಂದರೆ, ಪೋರ್ಟ್ ಸಂಖ್ಯೆ ಬರೆದಿಟ್ಟುಕೊಳ್ಳದ ಜಾಲತಾಣವೊಂದು ಬರಿಯ ಐಪಿ ವಿಳಾಸ ಒದಗಿಸಿದರೆ, ಕಂಪನಿಗೂ ಆ ಅರವತ್ತು ಮಂದಿಯಲ್ಲಿ ಒಬ್ಬರನ್ನು ಬೆರಳಿಟ್ಟು ತೋರಿಸಲಾಗದು. ಪೋರ್ಟ್ ಸಂಖ್ಯೆಯನ್ನೂ ದಾಖಲಿಸಿಡಬೇಕೆಂದು ಅಂತರಜಾಲದ ತಾಂತ್ರಿಕ ಮಂಡಳಿ 2011ರಲ್ಲಿಯೇ ಶಿಫಾರಸು ಮಾಡಿತ್ತು. ಎಲ್ಲ ತಾಣಗಳೂ ಅದನ್ನು ಪಾಲಿಸುತ್ತಿಲ್ಲ.

ಆರನೆಯ ಆವೃತ್ತಿಯಲ್ಲಿ ವಿಳಾಸಗಳಿಗೆ ಬರವಿಲ್ಲದ ಕಾರಣ ಈ ಹಂಚಿಕೆಯ ಅಗತ್ಯವೂ ಇಲ್ಲ. ಭಾರತದಲ್ಲಿ ಅದರ ಬಳಕೆ ಅರ್ಧಕ್ಕಿಂತ ಮೇಲೇರಿದ್ದು, ಜಗತ್ತಿನ ಮುಂಚೂಣಿಯ ದೇಶಗಳಲ್ಲಿ ಒಂದಾಗಿದೆ. ಆದರೂ ಹಳೆಯ ಆವೃತ್ತಿ ಪೂರ್ತಿ ತೊಲಗಿಲ್ಲ. ಇನ್ನು ವಿಪಿಎನ್ ಬಳಸಿದವರ ವಿಷಯದಲ್ಲಿ, ಕಾಣುವ ವಿಳಾಸ ವಿಪಿಎನ್ ಕಂಪನಿಯದೇ ಹೊರತು ಬಳಕೆದಾರರದಲ್ಲ.

ಮಸ್ಕಿಯ ನೆರೆಯಲ್ಲಿ ನಿಂತು ಈ ಮಾತು ಹೇಳುವಾಗ ಒಂದು ಹಳೆಯ ಸಂಗತಿ ನೆನಪಾಗದಿರದು. ‘ದೇವಾನಾಂಪ್ರಿಯ’ ಎಂಬ ಬಿರುದಿನ ಶಾಸನಗಳು ದೇಶದ ಹಲವೆಡೆ ಸಿಕ್ಕಿದ್ದರೂ ಅವುಗಳಲ್ಲಿ ಅರಸನ ಸ್ವಂತ ಹೆಸರು ಇರಲಿಲ್ಲ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅವರಿಗೆ ಮಸ್ಕಿಯಲ್ಲಿ ದೊರೆತ ಬಂಡೆಗಲ್ಲಿನ ಬರಹದಲ್ಲಿ ಬಿರುದಿನ ಜೊತೆಗೆ ‘ಅಶೋಕ’ ಎಂಬ ಹೆಸರೂ ಇತ್ತು. ಬಿರುದನ್ನೂ ಹೆಸರನ್ನೂ ಒಟ್ಟಿಗೆ ಹೇಳುವ ದಾಖಲೆ ಸಿಗುವವರೆಗೆ ವಿದ್ವಾಂಸರ ಗುರುತಿಸುವಿಕೆ ಊಹೆಯಾಗಿಯೇ ಉಳಿದಿತ್ತು. ಐಪಿ ವಿಳಾಸಕ್ಕೂ ಅಂಥದೊಂದು ದಾಖಲೆ ಬೇಕು. ಅದು ಇರುವುದು ಸಂಪರ್ಕ ಒದಗಿಸಿದ ಕಂಪನಿಯ ಬಳಿ ಮಾತ್ರ.

ಗಂಟೆ, ನಿಮಿಷದ ಲೆಕ್ಕ

ಆ ದಾಖಲೆಯನ್ನು ಕೇಳುವ ಅಧಿಕಾರ ತನಿಖಾಧಿಕಾರಿಗೆ ಮತ್ತು ನ್ಯಾಯಾಲಯಕ್ಕೆ ಇದೆ. 2024ರ ಜುಲೈ 1ರವರೆಗೆ ಇದು ದಂಡ ಪ್ರಕ್ರಿಯಾ ಸಂಹಿತೆಯ 91ನೇ ಕಲಮಿನಡಿ ನಡೆಯುತ್ತಿತ್ತು, ಆನಂತರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಮು ಅದರ ಸ್ಥಾನಕ್ಕೆ ಬಂದಿದೆ. ದೂರಸಂಪರ್ಕ ಕಂಪನಿಗಳು ಇಂಥ ದಾಖಲೆಗಳನ್ನು ಉಳಿಸಿಕೊಳ್ಳಬೇಕಾದ ಅವಧಿಯನ್ನು 2021ರ ಡಿಸೆಂಬರ್‌ನಲ್ಲಿ ಒಂದು ವರ್ಷದಿಂದ ಎರಡು ವರ್ಷಕ್ಕೆ ಏರಿಸಲಾಯಿತು. ಸಾಮಾನ್ಯ ನಾಗರಿಕನಿಗೆ ಈ ದಾಖಲೆ ತೆರೆದಿಲ್ಲ. ‘ಐಪಿ ಕೊಟ್ಟರೆ ಹೆಸರು ಕೊಡುತ್ತೇವೆ’ ಎಂದು ಹಣ ಕೇಳುವ ಜಾಲತಾಣಗಳು ಮೋಸ ಮಾಡುತ್ತಿವೆ ಎಂದೇ ತಿಳಿಯಬೇಕು.

ದಾಖಲೆ ಸಿಕ್ಕರೂ ಸಮಯ ಸರಿಯಾಗಿರಬೇಕು. ಮನೆಬಳಕೆಯ ಸಂಪರ್ಕಗಳಿಗೆ ವಿಳಾಸ ಕಾಯಂ ಅಲ್ಲ. ಬೆಳಿಗ್ಗೆ ಒಬ್ಬರ ಬಳಿ ಇದ್ದದ್ದು ಸಂಜೆಗೆ ಇನ್ನೊಬ್ಬರ ಬಳಿ ಇರುತ್ತದೆ. ವಿದೇಶಿ ತಾಣಗಳು ಸಾಮಾನ್ಯವಾಗಿ ವಿಶ್ವ ಪ್ರಮಾಣ ಸಮಯದಲ್ಲಿ ದಾಖಲೆ ಇಡುತ್ತವೆ, ಭಾರತದ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ದಾಖಲೆಯಲ್ಲಿ ಹತ್ತನೇ ತಾರೀಖು ರಾತ್ರಿ 7.45 ಎಂದಿದ್ದರೆ ಇಲ್ಲಿ ಆಗಲೇ ಹನ್ನೊಂದನೇ ತಾರೀಖು, ನಡುರಾತ್ರಿ ಕಳೆದು 1.15. ಗಂಟೆಯಷ್ಟೇ ಅಲ್ಲ, ತಾರೀಖೂ ಬದಲಾಗಿದೆ. ಹಗಲೋ ರಾತ್ರಿಯೋ ಎಂಬುದನ್ನು ನಮೂದಿಸದೆ ಕೇಳಿದರೆ ಹನ್ನೆರಡು ಗಂಟೆಗಳ ವ್ಯತ್ಯಾಸ. ಇಂಥ ಒಂದು ತಪ್ಪು ಓದಿಗೆ ಉತ್ತರವಾಗಿ ಬರುವ ಹೆಸರು ಯಾವ ಪಾಪವನ್ನೂ ಅರಿಯದವರದಾಗಿರಬಹುದು.

ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ ಗಡಿಯಾರಕ್ಕೆ ಮೊದಲ ಸ್ಥಾನ ಸಿಕ್ಕಿದ್ದು ಆಕಸ್ಮಿಕವಲ್ಲ. ಸಂಸ್ಥೆಗಳು ತಮ್ಮ ಗಣಕಗಳ ಸಮಯವನ್ನು ರಾಷ್ಟ್ರೀಯ ಮಾಹಿತಿ ಕೇಂದ್ರ ಅಥವಾ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಬೇಕು, ಚಟುವಟಿಕೆಯ ದಾಖಲೆಗಳನ್ನು 180 ದಿನ ಉಳಿಸಬೇಕು ಎಂದು ಅದು ಹೇಳಿತು. ವಿಪಿಎನ್ ಕಂಪನಿಗಳು ಚಂದಾದಾರರ ವಿವರವನ್ನು ಐದು ವರ್ಷ ಇಟ್ಟುಕೊಳ್ಳಬೇಕೆಂಬ ಅಂಶಕ್ಕೆ ವಿರೋಧ ಬಂದು, ಕೆಲವು ವಿದೇಶಿ ಕಂಪನಿಗಳು ಭಾರತದಲ್ಲಿದ್ದ ತಮ್ಮ ಸರ್ವರ್‌ಗಳನ್ನೇ ತೆಗೆದವು.

ಸಮಯವೂ ಪೋರ್ಟೂ ಸರಿಯಾಗಿ ಹೊಂದಿ ಹೆಸರು ಸಿಕ್ಕಿತೆನ್ನೋಣ. ಆ ಹೆಸರು ಬಿಲ್ಲು ಕಟ್ಟುವವರದು. ಬಾಡಿಗೆದಾರರು, ಅಂಗಡಿಗೆ ಬಂದ ಗಿರಾಕಿ, ವೈ-ಫೈ ಗುಪ್ತಪದ ತಿಳಿದ ಪಕ್ಕದ ಮನೆಯ ಹುಡುಗ, ಯಾರು ಬೇಕಾದರೂ ಆ ಸಂಪರ್ಕ ಬಳಸಿರಬಹುದು. ಐಪಿ ವಿಳಾಸ ತನಿಖೆ ಆರಂಭಿಸಲು ಒಂದು ಸುಳಿವು. ಗಣಕದ ಪರಿಶೀಲನೆ, ಇತರ ಸಾಕ್ಷ್ಯಗಳು ಅದನ್ನು ಬೆಂಬಲಿಸಬೇಕು.

ದೂರು ಕೊಡುವುದು ಹೇಗೆ?

ಕರ್ನಾಟಕದಲ್ಲಿ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ ಬೆಂಗಳೂರಿನಲ್ಲಿ ಆರಂಭವಾದದ್ದು 2001ರಲ್ಲಿ. ಈಗ ಜಿಲ್ಲೆಗಳಲ್ಲಿ ಸಿಇಎನ್ ಠಾಣೆಗಳಿದ್ದು, ಮಸ್ಕಿ, ಲಿಂಗಸುಗೂರು, ಸಿಂಧನೂರು ಭಾಗದವರು ಬೆಂಗಳೂರಿಗೆ ಅಲೆಯಬೇಕಿಲ್ಲ. ಹಣ ಕಳೆದುಕೊಂಡವರು ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಇತರ ದೂರುಗಳನ್ನು ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿಯೂ ದಾಖಲಿಸಬಹುದು.

ದೂರಿನೊಂದಿಗೆ ತಾವೇ ಹುಡುಕಿದ ಊರಿನ ಹೆಸರು, ಭೂಪಟದ ಚಿತ್ರ ಲಗತ್ತಿಸುವುದಕ್ಕಿಂತ ಆಕ್ಷೇಪಾರ್ಹ ಬರಹದ ಪೂರ್ತಿ ಕೊಂಡಿ, ಖಾತೆಯ ಹೆಸರು, ತಾರೀಖು ಮತ್ತು ಸಮಯ ಕಾಣುವಂತೆ ತೆಗೆದ ಸ್ಕ್ರೀನ್‌ಶಾಟ್ ಕೊಡುವುದು ತನಿಖೆಗೆ ಹೆಚ್ಚು ಉಪಯುಕ್ತ. ಇ-ಮೇಲ್ ಆಗಿದ್ದರೆ ಅದನ್ನು ಬೇರೆಯವರಿಗೆ ಫಾರ್ವರ್ಡ್ ಮಾಡಿದರೆ ಮೂಲ ತಲೆಬರಹದ ವಿವರಗಳು ಕಳೆದುಹೋಗುತ್ತವೆ. ಆದ್ದರಿಂದ ಮೂಲ ಪತ್ರವನ್ನು ಅಳಿಸದೆ, ಜಿಮೇಲ್‌ನಲ್ಲಾದರೆ ‘ಶೋ ಒರಿಜಿನಲ್’ ಆಯ್ಕೆಯ ಮೂಲಕ ಇಡೀ ಪಠ್ಯವನ್ನು ಇಳಿಸಿಕೊಂಡು ಠಾಣೆಗೆ ಒಯ್ಯಬೇಕು.